ಬೆಂಗಳೂರಿಂದ ಸ್ಯಾನ್ ಫ್ರಾನ್ಸಿಸ್ಕೊ: ಎಷ್ಟು ದೂರ, ಎಷ್ಟು ತಾಸು?

ವಿಜಯಪುರದಲ್ಲಿ ನನ್ನದು ಟಿಕೆಟ್ ಬುಕಿಂಗ್ ಅಂಗಡಿ. ಬಸ್ಸು, ರೈಲಿನ ಗಿರಾಕಿಗಳೇ ಜಾಸ್ತಿ. ಈಚೆಗೆ ಅಮೆರಿಕದಲ್ಲಿರೋ ಮಕ್ಕಳ ಮನೆಗೆ ಹೊರಟ ಹಿರಿಯರೂ ಬರುತ್ತಾರೆ. ಟಿಕೆಟ್ ಮಗನೋ ಮಗಳೋ ಅಲ್ಲಿಂದಲೇ ಮಾಡಿರುತ್ತಾರೆ. ಇವರು ಬರೋದು ಪ್ರಿಂಟ್ ತೆಗೆಸಿ, ಅದರಲ್ಲಿ ಏನಿದೆ ಅಂತ ಕೇಳಲಿಕ್ಕೆ.

ಸೋಮವಾರ ಮಧ್ಯಾಹ್ನ 2ಕ್ಕೆ ಬೆಂಗಳೂರು ಬಿಟ್ಟು, ಅದೇ ಸೋಮವಾರ ಸಂಜೆ 5ಕ್ಕೆ ಸ್ಯಾನ್ ಫ್ರಾನ್ಸಿಸ್ಕೊ ಮುಟ್ಟುತ್ತದೆ ಅಂತಿದ್ದರೆ ಯಾರಿಗಾದರೂ ಗೊಂದಲವೇ. "ಮೂರೇ ತಾಸೇನ್ರಿ? ಬಸ್ಸಿನ್ಯಾಗ ಬೆಳಗಾವಿಗೆ ಹೋಗಾಕೂ ಇದಕ್ಕಿಂತ ಜಾಸ್ತಿ ಹಿಡಿತೈತಲ್ರಿ" ಅಂತ ಒಬ್ಬ ಕಾಕಾ ಕೇಳಿದ್ದರು. ಟಿಕೆಟ್‌ನಲ್ಲಿ ಹಾಕೋದು ಆಯಾ ಊರಿನ ಗಡಿಯಾರದ ಸಮಯ. ಚಳಿಗಾಲದಲ್ಲಿ ಅವರ ಗಡಿಯಾರ ನಮಗಿಂತ ಹದಿಮೂರೂವರೆ ತಾಸು ಹಿಂದೆ. ಸಂಜೆ 5ಕ್ಕೆ ಅಷ್ಟು ಕೂಡಿಸಿದರೆ ನಮ್ಮಲ್ಲಿ ಮಂಗಳವಾರ ಬೆಳಗ್ಗೆ 6.30. ಅಂದರೆ ಪ್ರಯಾಣ ಹದಿನಾರೂವರೆ ತಾಸು.

ದೂರ ತೋರಿಸಲಿಕ್ಕೆ ಮೇಜಿನ ಮೇಲೊಂದು ಗ್ಲೋಬ್ ಇಟ್ಟಿದ್ದೇನೆ. ಅಡ್ಡಳತೆ 30 ಸೆಂ.ಮೀ., ಸುತ್ತಳತೆ ಸುಮಾರು 94. ಭೂಮಿಯ ಸುತ್ತಳತೆ 40,000 ಕಿ.ಮೀ. ಹಾಗಾದರೆ ಒಂದು ಸೆಂ.ಮೀ. ಅಂದರೆ ಸುಮಾರು 425 ಕಿ.ಮೀ. ಬೆಂಗಳೂರಿನ ಮೇಲೆ ಹೊಲಿಗೆ ದಾರದ ತುದಿ ಹಿಡಿದು, ಸ್ಯಾನ್ ಫ್ರಾನ್ಸಿಸ್ಕೊವರೆಗೆ ಬಿಗಿಯಾಗಿ ಎಳೆಯುತ್ತೇನೆ. ಸಡಿಲ ಬಿಟ್ಟರೆ ಲೆಕ್ಕ ಕೆಡುತ್ತದೆ. ದಾರ 33 ಸೆಂ.ಮೀ. ಹಿಡಿಯುತ್ತದೆ, ಅಂದರೆ ಹೆಚ್ಚುಕಡಿಮೆ 14,000 ಕಿ.ಮೀ. ಗೋಡೆಯ ನಕಾಶೆ ನೋಡಿದವರು ಪೂರ್ವಕ್ಕೆ ಚೀನಾ, ಪೆಸಿಫಿಕ್ ದಾಟಿ ನೆಟ್ಟಗೆ ಹೋಗಬೇಕು ಅಂದುಕೊಂಡಿರುತ್ತಾರೆ. ದಾರ ಮಾತ್ರ ಉತ್ತರಕ್ಕೆ ಏರಿ ಟಿಬೆಟ್, ಸೈಬೀರಿಯಾ, ಆರ್ಕ್ಟಿಕ್ ಸಮುದ್ರದ ಅಂಚು ಮುಟ್ಟಿ ಅಲಾಸ್ಕಾ ಮೇಲಿಂದ ಇಳಿಯುತ್ತದೆ. ಅದನ್ನು ನೋಡಿದ ಮೇಲೆ ಎಷ್ಟೋ ಜನ ದಾರ ಇಸಿದುಕೊಂಡು ತಾವೇ ಎಳೆದು ನೋಡುತ್ತಾರೆ.

ವಿಮಾನದ ವೇಗ ತಾಸಿಗೆ ಸುಮಾರು 900 ಕಿ.ಮೀ. ಅಂತ ಹಿಡಿದು, ಆ 14,000ವನ್ನು 900ರಿಂದ ಭಾಗಿಸಿ, ಮೇಲೆ ಮುಕ್ಕಾಲು ತಾಸು ಸೇರಿಸುತ್ತೇನೆ. ಹದಿನಾರು ತಾಸು ಚಿಲ್ಲರೆ ಬರುತ್ತದೆ. ಮುಕ್ಕಾಲು ತಾಸು ಯಾಕೆಂದರೆ, ಏರುವಾಗ, ಇಳಿಯುವಾಗ ವೇಗ ಕಡಿಮೆ. ಟಿಕೆಟ್ ಸಮಯದಲ್ಲಿ ವಿಮಾನ ನೆಲದ ಮೇಲೆ ಉರುಳುವ ಹೊತ್ತೂ ಸೇರಿರುತ್ತದೆ.

ಆದರೆ ವಿಮಾನ ದಾರದ ದಾರಿಯಲ್ಲೇ ಹೋಗಬೇಕೆಂದಿಲ್ಲ. ಟಿಬೆಟ್ ಬಹಳ ಎತ್ತರದ ನೆಲ. ವಿಮಾನದ ಒಳಗಿನ ಗಾಳಿಯ ಒತ್ತಡ ಕಡಿಮೆಯಾದರೆ, ಉಸಿರಾಟಕ್ಕೆ ಸಾಕಾಗುವಷ್ಟು ಕೆಳಗಿಳಿಯಲು ಅಲ್ಲಿ ಜಾಗ ಸಿಗೋದಿಲ್ಲ, ಹಾಗಾಗಿ ಸಾಮಾನ್ಯವಾಗಿ ಅದರ ಪಕ್ಕದಿಂದ ಸುತ್ತಿಕೊಂಡು ಹೋಗುತ್ತಾರೆ. ಗಾಳಿಯ ಅನುಕೂಲವನ್ನೂ ನೋಡುತ್ತಾರೆ. 2021ರ ಜನವರಿಯಲ್ಲಿ ಜೋಯಾ ಅಗರ್ವಾಲ್ ನಾಯಕತ್ವದ ಮಹಿಳಾ ಪೈಲಟ್‌ಗಳ ತಂಡ ಸ್ಯಾನ್ ಫ್ರಾನ್ಸಿಸ್ಕೊದಿಂದ ಬೆಂಗಳೂರಿಗೆ ಏರ್ ಇಂಡಿಯಾ ವಿಮಾನ ತಂದದ್ದು ಉತ್ತರ ಧ್ರುವದ ಮೇಲಿಂದ. ಹಾರಿದ್ದು ಸುಮಾರು 16,000 ಕಿ.ಮೀ., ಹಿಡಿದದ್ದು 17 ತಾಸು. ಕೆಲವು ದೇಶಗಳು ತಮ್ಮ ಆಕಾಶ ಮುಚ್ಚಿದರಂತೂ ಸುತ್ತು ಇನ್ನೂ ಜಾಸ್ತಿ.

ಸಕ್ಕರೆ ಕಾಯಿಲೆ ಇದ್ದವರಿಗೆ ಇದು ಸುಮ್ನೆ ಲೆಕ್ಕ ಅಲ್ಲ. ಗುಳಿಗೆ, ಇನ್ಸುಲಿನ್ ಯಾವಾಗ ಅನ್ನೋದು ತಾಸಿನ ಮೇಲೇ ನಿಂತಿದೆ. ಅದಕ್ಕೇ ಟಿಕೆಟ್ ಹಿಂದೆ ಮನೆ ಬಿಟ್ಟಾಗಿನಿಂದ ಎಷ್ಟು ತಾಸು ಅಂತ ಬರೆದುಕೊಟ್ಟು, ಡಾಕ್ಟರಿಗೆ ತೋರಿಸಿ ಅನ್ನುತ್ತೇನೆ. ಇಲ್ಲಿಂದ ಬೆಂಗಳೂರಿಗೆ ರಾತ್ರಿ ಬಸ್ಸು, ವಿಮಾನ ನಿಲ್ದಾಣದಲ್ಲಿ ಮೂರು ತಾಸು ಕಾಯೋದು, ಎಲ್ಲಾ ಅದರಲ್ಲಿ ಬರುತ್ತದೆ. ಮಾರ್ಚ್ ಎರಡನೇ ಭಾನುವಾರದಿಂದ ನವೆಂಬರ್ ಮೊದಲ ಭಾನುವಾರದವರೆಗೆ ಮಾತ್ರ ಹದಿಮೂರೂವರೆ ಬದಲು ಹನ್ನೆರಡೂವರೆ ತಾಸು ಕೂಡಿಸಬೇಕು, ಆಗ ಅವರ ಗಡಿಯಾರ ಒಂದು ತಾಸು ಮುಂದೆ ಇರುತ್ತದೆ.