ಗೌರವಧನದ ಕಾಲಂ

ಕೋಲಾರ ತಾಲ್ಲೂಕಿನ ನಮ್ಮ ಊರಿನ ಗ್ರಂಥಾಲಯದಲ್ಲಿ ಆಗಾಗ ಒಬ್ಬ ಲೇಖಕರನ್ನು ಕರೆಸಿ, ಅವರ ಬರಹವನ್ನು ಅವರ ಬಾಯಿಂದಲೇ ಕೇಳುತ್ತೇವೆ. ಮುಕ್ಕಾಲು ಗಂಟೆ ಓದು, ಆಮೇಲೆ ಮಾತುಕತೆ. ಮೊದಲ ವರ್ಷಗಳಲ್ಲಿ ಸದಸ್ಯರೇ ಕೈಯಿಂದ ಹಾಕಿ ನಡೆಸಿದೆವು. ಬಂದವರಿಗೆ ಶಾಲು ಹೊದಿಸಿ, ಹಣ್ಣಿನ ಬುಟ್ಟಿ ಕೊಟ್ಟು ಕಳಿಸುತ್ತಿದ್ದೆವು. ಒಂದು ರಾತ್ರಿ ಹಿರಿಯ ಕವಿಯೊಬ್ಬರನ್ನು ಬಸ್ಸಿಗೆ ಬಿಡಲು ಹೋಗಿದ್ದೆ. ಅವರು ಬುಟ್ಟಿಯನ್ನು ತೊಡೆಯ ಮೇಲಿಟ್ಟುಕೊಂಡು, ದೀಪದ ಕಂಬದ ಕೆಳಗೆ ಟಿಕೆಟ್ಟಿಗೆ ಚಿಲ್ಲರೆ ಎಣಿಸುತ್ತಿದ್ದರು. ನನಗೆ ತಲೆ ಎತ್ತಲಾಗಲಿಲ್ಲ. ಸರ್ಕಾರದ ಧನಸಹಾಯಕ್ಕೆ ಅರ್ಜಿ ಹಾಕಲೇಬೇಕೆಂದು ಅಂದೇ ನಿರ್ಧರಿಸಿದೆ.

ಸಂಘ ಸಂಸ್ಥೆಗಳ ಸಾಂಸ್ಕೃತಿಕ ಚಟುವಟಿಕೆಗೆ ಕನ್ನಡ ಮತ್ತು ಸಂಸ್ಕೃತಿ ಇಲಾಖೆಯಿಂದ ಧನಸಹಾಯ ಸಿಗುತ್ತದೆ. ಅರ್ಜಿಯನ್ನು ಸರ್ಕಾರದ ಸೇವಾ ಸಿಂಧು ಜಾಲತಾಣದ ಮೂಲಕ ಸಲ್ಲಿಸಬೇಕು. ನಮ್ಮ ಸಂಘ 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯಡಿ ನೋಂದಣಿಯಾಗಿತ್ತು. ನೋಂದಣಿ ಪತ್ರ, ಬೈಲಾ, ಲೆಕ್ಕ ಪರಿಶೋಧನಾ ವರದಿ, ಹಿಂದಿನ ಕಾರ್ಯಕ್ರಮಗಳ ಆಮಂತ್ರಣ ಪತ್ರಿಕೆ, ಫೋಟೊ ಎಲ್ಲವನ್ನೂ ಜೋಡಿಸಿದೆವು. ಆದರೂ ಮೊದಲ ಅರ್ಜಿ ಹಿಂದಿರುಗಿತು. ನೋಂದಣಿ ಪತ್ರದಲ್ಲಿ ಸಂಘದ ಹೆಸರಿನ ಕೊನೆಗೆ 'ವೇದಿಕೆ' ಎಂದಿತ್ತು, ಪಾಸ್‌ಬುಕ್ಕಿನಲ್ಲಿ ಆ ಪದ ಇರಲಿಲ್ಲ. ಖಾತೆ ತೆರೆದಾಗ ಯಾರೂ ಗಮನಿಸಿರಲಿಲ್ಲ. ಒಂದು ಪದಕ್ಕೆ ಒಂದು ವರ್ಷ ಹೋಯಿತು. ಅರ್ಜಿ ಹಾಕುವವರು ಮೊದಲು ಈ ಎರಡು ಕಾಗದಗಳನ್ನು ಪಕ್ಕಪಕ್ಕದಲ್ಲಿಟ್ಟು ಅಕ್ಷರ ಅಕ್ಷರ ನೋಡಿಕೊಳ್ಳಿ.

ಎರಡನೇ ಸಲ ಅಂದಾಜು ಪಟ್ಟಿ ಬರೆಯುವಾಗ ನಮ್ಮೊಳಗೇ ಜಗಳವಾಯಿತು. ನಮ್ಮ ಖಜಾಂಚಿ ನಿವೃತ್ತ ಮೇಷ್ಟ್ರು. ಶಾಮಿಯಾನ, ಬ್ಯಾನರ್, ಹಾರ, ನೆನಪಿನ ಕಾಣಿಕೆ ಎಂದು ಒಂದು ಪುಟ ತುಂಬಿಸಿ ತಂದಿದ್ದರು. "ಮೇಷ್ಟ್ರೇ, ಇದರಲ್ಲಿ ಓದುವವರಿಗೆ ಎಷ್ಟು?" ಎಂದು ಕೇಳಿದೆ. ಅವರು ಕನ್ನಡಕ ತೆಗೆದು ಪಟ್ಟಿಯನ್ನು ಮತ್ತೆ ನೋಡಿದರು. ಗೌರವಧನದ ಕಾಲಂ ಇರಲೇ ಇಲ್ಲ. ಅಂದು ರಾತ್ರಿ ಪಟ್ಟಿಯನ್ನು ತಲೆಕೆಳಗು ಮಾಡಿದೆವು: ಮೊದಲ ಸಾಲಿನಲ್ಲಿ ಒಂದು ಓದಿಗೆ 3,000 ರೂಪಾಯಿ ಗೌರವಧನ, ಎರಡನೆಯದರಲ್ಲಿ ಪ್ರಯಾಣ ವೆಚ್ಚ, ಆಮೇಲೆ ಮೈಕು, ಚಹಾ. ಹಾರಕ್ಕೆ ಸಾಲೇ ಉಳಿಯಲಿಲ್ಲ.

ಕೇಳಿದ್ದಕ್ಕಿಂತ ಕಡಿಮೆ ಮಂಜೂರಾಯಿತು, ಬಂದದ್ದೂ ತಡವಾಗಿ. ಹನ್ನೆರಡು ಓದುಗಳನ್ನು ಏಳಕ್ಕೆ ಇಳಿಸಿದೆವು, ಗೌರವಧನವನ್ನು ಮುಟ್ಟಲಿಲ್ಲ. ಈ ವಿಷಯದಲ್ಲಿ ನಾನು ಇಂದಿಗೂ ಹಟಮಾರಿ. ಸಭೆ ಕಡಿಮೆಯಾದರೆ ಕೇಳುಗರು ಕಾಯುತ್ತಾರೆ. ಲೇಖಕರ ದುಡಿಮೆಯನ್ನು ಪುಕ್ಕಟೆ ಎಂದುಕೊಳ್ಳುವ ಅಭ್ಯಾಸ ಒಮ್ಮೆ ಅಂಟಿದರೆ ಬಿಡುವುದಿಲ್ಲ. ಗೌರವಧನವನ್ನು ನೇರ ಬ್ಯಾಂಕ್ ಖಾತೆಗೆ ಹಾಕಿದೆವು, ಪ್ರತಿ ಸಭೆಯ ರಸೀದಿಗಳನ್ನು ಮರುದಿನವೇ ಕಡತಕ್ಕೆ ಅಂಟಿಸಿದೆವು. ಹಣ ಬಳಕೆ ಪ್ರಮಾಣಪತ್ರ ಕೊಡುವಾಗ ಹುಡುಕಾಟವೇ ಇರಲಿಲ್ಲ.

ಸಭೆಯ ಸಮಯವನ್ನು ಏಳು ಗಂಟೆಗೆ ಇಟ್ಟಿದ್ದೇವೆ. ಡೇರಿಗೆ ಹಾಲು ಹಾಕಿ, ಕೈಕಾಲು ತೊಳೆದು ಬರುವಷ್ಟು ಹೊತ್ತು ಬೇಕು. ನಮ್ಮಲ್ಲಿ ಬಹಳ ಮನೆಗಳ ಮಾತು ತೆಲುಗು, ಓದು ಬರಹ ಕನ್ನಡ. ಇದರಲ್ಲಿ ಕೊರತೆ ಏನೂ ಇಲ್ಲ. 1983ರ ಜ್ಞಾನಪೀಠ ಪಡೆದ ಮಾಸ್ತಿ ವೆಂಕಟೇಶ ಅಯ್ಯಂಗಾರ್ ಇದೇ ಜಿಲ್ಲೆಯ ಮಾಲೂರು ತಾಲ್ಲೂಕಿನವರು, ಅವರ ಮನೆಮಾತು ತಮಿಳು. ಗಡಿಯ ಕನ್ನಡ ಹೀಗೆಯೇ ಬೆಳೆದಿದೆ. ಅರ್ಜಿಯ ಜೊತೆಗಿಟ್ಟ ಕ್ರಿಯಾ ಯೋಜನೆಯಲ್ಲಿ ಈ ಮಾತನ್ನೇ ಬರೆದೆ. ನಮ್ಮ ಊರಿಗೆ ಈ ಓದು ಏಕೆ ಬೇಕೆಂದು ಹೇಳಲು ಬೇರೆ ದೊಡ್ಡ ಮಾತು ಬೇಕಾಗಲಿಲ್ಲ.

ಐದನೆಯ ಓದಿಗೆ ಅದೇ ಹಿರಿಯ ಕವಿಯನ್ನು ಮತ್ತೆ ಕರೆಸಿದೆವು. ಬಾವಿ ಬತ್ತಿದ್ದರ ಕುರಿತ ಪದ್ಯವೊಂದನ್ನು ಅವರು ಓದಿ ಮುಗಿಸಿದಾಗ, ಬಾಗಿಲ ಬಳಿ ನಿಂತಿದ್ದ ಟೊಮೆಟೊ ಬೆಳೆಗಾರರೊಬ್ಬರು "ಇಂಕೊಕ ಸಾರಿ ಚದವಂಡಿ" ಎಂದರು. ಇನ್ನೊಮ್ಮೆ ಓದಿ ಎಂದು. ಕವಿ ಪುಟ ಹಿಂದಕ್ಕೆ ತಿರುಗಿಸಿ, ಈ ಸಲ ಇನ್ನಷ್ಟು ನಿಧಾನವಾಗಿ ಓದಿದರು. ಆಮೇಲೆ ಆ ರೈತರು ತಾವು ಕೊರೆಸಿದ ಬೋರ್‌ವೆಲ್‌ಗಳ ಕಥೆ ತೆಗೆದರು, ಮಾತು ಒಂಬತ್ತೂವರೆಯವರೆಗೆ ಸಾಗಿತು. ಕವಿಯ ಊರಿನ ಕೊನೆಯ ಬಸ್ ಹೋಗಿತ್ತು. ಕಾರು ಮಾಡಿ ಅವರನ್ನು ಮನೆಯ ಬಾಗಿಲಿಗೆ ಬಿಟ್ಟು ಬಂದೆ. ಬಾಡಿಗೆಯ ರಸೀದಿ ಎರಡನೇ ಸಾಲಿನ ಲೆಕ್ಕಕ್ಕೆ ಸೇರಿತು.