ಸೆಕೆಂಡ್ ಹ್ಯಾಂಡ್ ಹ್ಯಾಚ್‌ಬ್ಯಾಕ್: ಬೇಸ್ ಮಾಡೆಲೋ, ಟಾಪ್ ಎಂಡೋ?

ಸೆಕೆಂಡ್ ಹ್ಯಾಂಡ್ ಹ್ಯಾಚ್‌ಬ್ಯಾಕ್ ಹುಡುಕುತ್ತಾ ಹೋದವರು ಕೊನೆಗೆ ಎರಡು ಕಾರುಗಳ ಮುಂದೆ ಬಂದು ನಿಲ್ಲುತ್ತಾರೆ. ಕಂಪನಿ ಒಂದೇ, ಮಾಡೆಲ್ ಒಂದೇ, ವರ್ಷವೂ ಹೆಚ್ಚುಕಡಿಮೆ ಒಂದೇ. ಒಂದು ಕೆಳಗಿನ ವೇರಿಯಂಟ್, ಇನ್ನೊಂದು ಟಾಪ್ ಎಂಡ್. ಷೋರೂಮಿನಲ್ಲಿದ್ದಾಗ ಇವೆರಡರ ನಡುವೆ ಇದ್ದ ಬೆಲೆಯ ಅಂತರ ವರ್ಷ ಕಳೆದಂತೆ ಕರಗಿರುತ್ತದೆ. ‘ಇನ್ನು ಸ್ವಲ್ಪ ಹಾಕಿದರೆ ಟಾಪ್ ಎಂಡೇ ಬರುತ್ತದಲ್ಲ’ ಎನ್ನಿಸುವುದು ಆಗಲೇ.

ಇಲ್ಲೊಂದು ಲೆಕ್ಕವನ್ನು ಮರೆಯಬಾರದು. ಇಳಿದಿರುವುದು ಕಾರಿನ ಬೆಲೆ, ಅದರ ಬಿಡಿಭಾಗಗಳ ಬೆಲೆಯಲ್ಲ. ಎಲ್‌ಇಡಿ ಹೆಡ್‌ಲೈಟ್ ಕೆಟ್ಟರೆ, ಕಾರು ಹಳೆಯದೆಂದು ಹೊಸ ಹೆಡ್‌ಲೈಟನ್ನು ಯಾರೂ ಅಗ್ಗಕ್ಕೆ ಕೊಡುವುದಿಲ್ಲ. ಹಾಗೆಂದು ಬೇಸ್ ಮಾಡೆಲ್ ಕೊಳ್ಳುವುದೇ ಜಾಣತನ ಎಂದೂ ಅಲ್ಲ. ಅದರಲ್ಲಿ ಇಲ್ಲದ ಕೆಲವನ್ನು ಆಮೇಲೆ ಎಷ್ಟು ದುಡ್ಡು ಸುರಿದರೂ ಸೇರಿಸಲು ಆಗುವುದಿಲ್ಲ. ಆಯ್ಕೆ ನಿಂತಿರುವುದು ಇವೆರಡರ ನಡುವೆ.

ಹಂತ 1: ಆ ವರ್ಷದ ಬ್ರೋಷರ್ ಹುಡುಕಿ

ಒಂದೇ ಹೆಸರಿನ ವೇರಿಯಂಟ್‌ನಲ್ಲಿ ಪ್ರತಿ ವರ್ಷವೂ ಒಂದೇ ಸೌಲಭ್ಯ ಇರಬೇಕೆಂದಿಲ್ಲ. ಫೇಸ್‌ಲಿಫ್ಟ್, ಅಂದರೆ ಅದೇ ಮಾಡೆಲ್‌ನ ಸ್ವಲ್ಪ ಬದಲಾದ ರೂಪ, ಬಂದಾಗ ಟಾಪ್ ಎಂಡ್‌ನ ಕೆಲವು ಸೌಲಭ್ಯಗಳು ಕೆಳಗಿನ ವೇರಿಯಂಟ್‌ಗೆ ಇಳಿಯುತ್ತವೆ, ಕೆಲವು ಸದ್ದಿಲ್ಲದೆ ಮಾಯವಾಗುತ್ತವೆ. ಹಾಗಾಗಿ ಈಗಿನ ಪಟ್ಟಿ ಬೇಡ, ಕಾರು ತಯಾರಾದ ವರ್ಷದ ಬ್ರೋಷರ್ ಬೇಕು. ಎರಡೂ ವೇರಿಯಂಟ್‌ಗಳ ಪಟ್ಟಿಯನ್ನು ಅಕ್ಕಪಕ್ಕ ಇಟ್ಟು, ವ್ಯತ್ಯಾಸ ಇರುವುದನ್ನು ಮಾತ್ರ ಒಂದು ಹಾಳೆಯಲ್ಲಿ ಬರೆದುಕೊಳ್ಳಿ.

ಹಂತ 2: ಪಟ್ಟಿಯನ್ನು ಮೂರು ಭಾಗ ಮಾಡಿ

ಮೊದಲ ಭಾಗ, ಕಾರ್ಖಾನೆಯಲ್ಲಿ ಮಾತ್ರ ಕೂಡಿಸಬಹುದಾದವು. ಏರ್‌ಬ್ಯಾಗ್‌ಗಳ ಸಂಖ್ಯೆ ಇದರಲ್ಲಿ ಮೊದಲನೆಯದು. ಎರಡು ಏರ್‌ಬ್ಯಾಗ್ ಇರುವ ಕಾರನ್ನು ಆರು ಏರ್‌ಬ್ಯಾಗ್‌ನ ಕಾರಾಗಿ ಯಾವ ಗ್ಯಾರೇಜೂ ಮಾಡಿಕೊಡಲಾರದು. ಎಲೆಕ್ಟ್ರಾನಿಕ್ ಸ್ಟೆಬಿಲಿಟಿ ಕಂಟ್ರೋಲ್, ಅಂದರೆ ಇಎಸ್‌ಸಿ, ಕೂಡ ಹಾಗೆಯೇ. ಒದ್ದೆ ರಸ್ತೆಯ ತಿರುವಿನಲ್ಲಿ ಕಾರು ಜಾರಲು ಶುರುವಾದರೆ ಅದು ಒಂದೊಂದು ಚಕ್ರಕ್ಕೂ ಬೇರೆಬೇರೆಯಾಗಿ ಬ್ರೇಕ್ ಹಾಕಿ ಕಾರನ್ನು ದಾರಿಗೆ ತರುತ್ತದೆ. ಜೋರಾಗಿ ಬ್ರೇಕ್ ಹಾಕಿದಾಗ ಚಕ್ರ ಲಾಕ್ ಆಗದಂತೆ ತಡೆಯುವ ಎಬಿಎಸ್‌ನ ಸೆನ್ಸರ್‌ಗಳ ಜೊತೆಗೆ ಸ್ಟೀರಿಂಗ್ ಎಷ್ಟು ತಿರುಗಿದೆ, ಕಾರು ಎಷ್ಟು ಹೊರಳಿದೆ ಎಂದು ಅಳೆಯುವ ಸೆನ್ಸರ್‌ಗಳೂ ಅದಕ್ಕೆ ಬೇಕು. ಮಕ್ಕಳ ಸೀಟು ಸಿಕ್ಕಿಸುವ ಐಸೋಫಿಕ್ಸ್ ಕೊಂಡಿಗಳು, ಹಿಂದಿನ ಮಧ್ಯದ ಸೀಟಿನ ಮೂರು ಬಿಂದುವಿನ ಬೆಲ್ಟ್, ಎಂಜಿನ್, ಗೇರ್‌ಬಾಕ್ಸ್, ಡ್ರೈವರ್ ಸೀಟನ್ನು ಎತ್ತರಿಸುವ ಮತ್ತು ಸ್ಟೀರಿಂಗನ್ನು ಹತ್ತಿರಕ್ಕೆ ಎಳೆದುಕೊಳ್ಳುವ ವ್ಯವಸ್ಥೆ, ಇವೆಲ್ಲ ಈ ಭಾಗಕ್ಕೆ ಸೇರುತ್ತವೆ. ಎತ್ತರ ಕಡಿಮೆ ಇರುವವರಿಗೆ ಆ ಕೊನೆಯ ಎರಡು ಆರಾಮದ ವಿಷಯವಷ್ಟೇ ಅಲ್ಲ, ರಸ್ತೆ ಸರಿಯಾಗಿ ಕಾಣುವ ವಿಷಯ.

ಹ್ಯಾಚ್‌ಬ್ಯಾಕ್‌ಗೇ ವಿಶೇಷವಾದ ಇನ್ನೆರಡನ್ನು ಇಲ್ಲಿ ಸೇರಿಸುತ್ತೇನೆ. ಹಿಂಬದಿ ನೆಟ್ಟಗೆ ಕತ್ತರಿಸಿದಂತೆ ಇರುವುದರಿಂದ ಗಾಳಿ ಅಲ್ಲಿ ಸುಳಿಯಾಗಿ ತಿರುಗಿ, ಚಕ್ರ ಎಬ್ಬಿಸಿದ ಕೆಸರು ನೀರನ್ನು ಹಿಂದಿನ ಗಾಜಿಗೇ ಎರಚುತ್ತದೆ. ಆದ್ದರಿಂದ ಹಿಂದಿನ ವೈಪರ್ ಮತ್ತು ಗಾಜನ್ನು ಬಿಸಿಮಾಡಿ ಮಂಜು ಕರಗಿಸುವ ಡಿಫಾಗರ್ ಇಲ್ಲಿ ಅಲಂಕಾರವಲ್ಲ. ಡಿಫಾಗರ್‌ನ ಗೆರೆಗಳು ಗಾಜಿನ ಮೇಲೆಯೇ ಬಂದಿರುತ್ತವೆ, ಆಮೇಲೆ ಬೇಕೆಂದರೆ ಗಾಜನ್ನೇ ಬದಲಿಸಿ ವೈರಿಂಗ್ ಎಳೆಯಬೇಕು. ಇನ್ನೊಂದು, ಹಿಂದಿನ ಸೀಟು 60:40 ಎಂದು ಎರಡು ಭಾಗವಾಗಿ ಮಡಚುತ್ತದೆಯೇ ಎಂಬುದು. ಉದ್ದನೆಯ ಸಾಮಾನಿನ ಜೊತೆಗೆ ಹಿಂದೆ ಒಬ್ಬರೂ ಕೂರಬೇಕಾದ ದಿನ ಇದರ ಬೆಲೆ ತಿಳಿಯುತ್ತದೆ.

ಎರಡನೇ ಭಾಗ, ಆಮೇಲೆ ಹಾಕಿಸಬಹುದಾದವು: ಸ್ಟೀರಿಯೊ, ರಿವರ್ಸ್ ಕ್ಯಾಮೆರಾ, ಪಾರ್ಕಿಂಗ್ ಸೆನ್ಸರ್, ಸೀಟ್ ಕವರ್, ಅಲಾಯ್ ವೀಲ್. ಇವಕ್ಕಾಗಿ ಮೇಲಿನ ವೇರಿಯಂಟ್‌ಗೆ ಹೋಗಬೇಕಿಲ್ಲ.

ಮೂರನೆಯದು, ವಯಸ್ಸಾದಂತೆ ಭಾರವಾಗುವಂಥವು. ಸನ್‌ರೂಫ್‌ನ ಸುತ್ತ ಬಿದ್ದ ನೀರು ಹರಿದುಹೋಗಲು ಸಣ್ಣ ಕೊಳವೆಗಳಿರುತ್ತವೆ, ಅವು ಕಸ ಕಟ್ಟಿದರೆ ನೀರು ಒಳಗಿಳಿಯುತ್ತದೆ. ವಿಂಡ್‌ಷೀಲ್ಡ್‌ನ ಹಿಂದೆ ಲೇನ್ ನೋಡುವ ಕ್ಯಾಮೆರಾ ಇದ್ದರೆ, ಗಾಜು ಬದಲಿಸಿದಾಗ ಅದನ್ನು ಮತ್ತೆ ಕ್ಯಾಲಿಬ್ರೇಟ್ ಮಾಡಿಸಬೇಕು, ಅಂದರೆ ಅದರ ನೋಟವನ್ನು ಸರಿಯಾಗಿ ಹೊಂದಿಸಬೇಕು. ಕೆಲವು ಕಾರುಗಳಲ್ಲಿ ಎಸಿಯೂ ಟಚ್‌ಸ್ಕ್ರೀನ್‌ನಿಂದಲೇ ನಡೆಯುತ್ತದೆ, ಸ್ಕ್ರೀನ್ ಸತ್ತರೆ ಎಸಿಯೂ ಕೈಗೆ ಸಿಗದು. ಟಾಪ್ ಎಂಡ್‌ನಲ್ಲಿ ಮಾತ್ರ ಟರ್ಬೊ ಎಂಜಿನ್ ಇದ್ದರೆ, ಆಯಿಲ್ ಸಮಯಕ್ಕೆ ಸರಿಯಾಗಿ ಬದಲಾಗಿದೆಯೇ ಎಂಬ ದಾಖಲೆ ಇಲ್ಲದೆ ಮುಂದುವರಿಯಬೇಡಿ.

ಟಯರ್‌ಗಳನ್ನೂ ಇಲ್ಲೇ ನೋಡಿ. ಕೆಳಗಿನ ವೇರಿಯಂಟ್‌ನಲ್ಲಿ 185/65 ಆರ್15, ಮೇಲಿನದರಲ್ಲಿ 195/55 ಆರ್16 ಇದೆ ಎನ್ನೋಣ. ಮೊದಲ ಅಂಕಿ ಟಯರಿನ ಅಗಲ ಮಿಲಿಮೀಟರಿನಲ್ಲಿ, ಎರಡನೆಯದು ಪಕ್ಕದ ರಬ್ಬರಿನ ಎತ್ತರ ಆ ಅಗಲದ ಶೇಕಡಾ ಎಷ್ಟು ಎಂಬುದು, ಕೊನೆಯದು ರಿಮ್ಮಿನ ವ್ಯಾಸ ಇಂಚಿನಲ್ಲಿ. ಎರಡರ ಹೊರಸುತ್ತು ಹೆಚ್ಚುಕಡಿಮೆ ಒಂದೇ. ಆದರೆ ಮೊದಲನೆಯದರ ಪಕ್ಕದ ರಬ್ಬರು ಸುಮಾರು 120 ಮಿಲಿಮೀಟರ್ ಎತ್ತರ, ಎರಡನೆಯದರದು 107. ಆ 13 ಮಿಲಿಮೀಟರ್ ಕಡಿಮೆಯಾದದ್ದು ತಿರುವಿನಲ್ಲಿ ಹಿಡಿತ ಕೊಡುತ್ತದೆ, ಗುಂಡಿಯಲ್ಲಿ ಸೊಂಟಕ್ಕೆ ಮತ್ತು ರಿಮ್ಮಿಗೆ ಏಟು ಕೊಡುತ್ತದೆ. ನೀವು ದಿನವೂ ಓಡಾಡುವ ರಸ್ತೆ ಹಾಳಾಗಿದ್ದರೆ ಸಣ್ಣ ರಿಮ್ಮೇ ಒಳ್ಳೆಯದು.

ಹಂತ 3: ಹೇಳಿದ ವೇರಿಯಂಟೇ ಹೌದೇ?

ಹಿಂದಿನ ಬಾಗಿಲಿನ ಮೇಲಿನ ಬ್ಯಾಡ್ಜನ್ನು ನಂಬಬೇಡಿ. ಅದು ಅಂಟಿಸಿದ ಅಕ್ಷರ. ಕಾರಿನ ಗುರುತಿನ ಸಂಖ್ಯೆಯಾದ, 17 ಅಕ್ಷರ ಮತ್ತು ಅಂಕಿಗಳ ವಿಐಎನ್ ಬರೆದುಕೊಂಡು ಅಧಿಕೃತ ಸರ್ವಿಸ್ ಸೆಂಟರ್‌ನಲ್ಲಿ ಕೇಳಿ, ಕಾರು ಕಾರ್ಖಾನೆಯಿಂದ ಹೊರಬಂದದ್ದು ಯಾವ ವೇರಿಯಂಟ್ ಆಗಿ ಎಂದು ಅಲ್ಲಿ ಖಚಿತವಾಗುತ್ತದೆ. ರೀಕಾಲ್, ಅಂದರೆ ದೋಷ ಸರಿಪಡಿಸಲು ಕಂಪನಿಯೇ ಕಾರನ್ನು ವಾಪಸ್ ಕರೆದದ್ದು, ಏನಾದರೂ ಬಾಕಿ ಇದೆಯೇ ಎಂದು ಅದೇ ಉಸಿರಿನಲ್ಲಿ ವಿಚಾರಿಸಿ. ಡ್ಯಾಶ್‌ಬೋರ್ಡ್‌ನಲ್ಲಿ ಸ್ವಿಚ್ ಇರಬೇಕಾದ ಜಾಗಗಳಲ್ಲಿ ಬರೀ ಪ್ಲಾಸ್ಟಿಕ್ ಮುಚ್ಚಳಗಳೇ ಕಂಡರೆ, ‘ಟಾಪ್ ಎಂಡ್’ ಎಂದವರ ಮಾತನ್ನು ಇನ್ನೊಮ್ಮೆ ಪರೀಕ್ಷಿಸಿ.

ಹಂತ 4: ಎಲ್ಲವನ್ನೂ ಚಾಲೂ ಮಾಡಿ ನೋಡಿ

ಇಗ್ನಿಷನ್ ಆನ್ ಮಾಡಿದಾಗ ಏರ್‌ಬ್ಯಾಗ್, ಎಬಿಎಸ್ ಮತ್ತು, ಕಾರಿನಲ್ಲಿ ಇದ್ದರೆ, ಇಎಸ್‌ಸಿ ದೀಪಗಳು ಹೊತ್ತಿ, ಸ್ವಲ್ಪ ಹೊತ್ತಿನಲ್ಲಿ ಆರಬೇಕು. ಆರದೇ ಉಳಿದರೆ ದೋಷವಿದೆ. ಹೊತ್ತಿಕೊಳ್ಳದೇ ಇದ್ದರೆ ಇನ್ನೂ ಕೆಟ್ಟದ್ದು, ದೋಷ ಕಾಣದಿರಲೆಂದು ದೀಪವನ್ನೇ ತೆಗೆದಿರಬಹುದು. ಸುರಕ್ಷತೆಗಾಗಿಯೇ ಮೇಲಿನ ವೇರಿಯಂಟ್‌ಗೆ ಹೆಚ್ಚು ಹಣ ಕೊಡುತ್ತಿರುವಾಗ ಈ ಒಂದು ಪರೀಕ್ಷೆಯನ್ನು ಬಿಡಲೇಬೇಡಿ.

ನಂತರ ಒಂದೊಂದಾಗಿ ಕಿಟಕಿಗಳು, ಕನ್ನಡಿಗಳು, ಎಸಿಯ ಪ್ರತಿ ವೇಗ, ಕ್ಯಾಮೆರಾ, ಸ್ಕ್ರೀನ್‌ನ ನಾಲ್ಕೂ ಮೂಲೆ. ಸನ್‌ರೂಫ್ ಇದ್ದರೆ ಪೂರ್ತಿ ತೆರೆದು ಮುಚ್ಚಿ, ಚಾವಣಿಯ ಬಟ್ಟೆಯಲ್ಲಿ ಕಲೆ ಇದೆಯೇ ನೋಡಿ, ಮ್ಯಾಟ್ ಎತ್ತಿ ಒದ್ದೆಯೇ ಮುಟ್ಟಿ, ಡಿಕ್ಕಿಯಲ್ಲಿ ಸ್ಟೆಪ್ನಿ ಎತ್ತಿ ಅದರ ಕೆಳಗೆ ತುಕ್ಕಿದೆಯೇ ನೋಡಿ. ಟಯರ್‌ನ ಪಕ್ಕದಲ್ಲಿ ನಾಲ್ಕು ಅಂಕಿ ಇರುತ್ತದೆ. 2319 ಎಂದಿದ್ದರೆ 2019ರ 23ನೇ ವಾರ ತಯಾರಾದದ್ದು ಎಂದರ್ಥ.

ಇಬ್ಬರು ಹೋಗುವುದು ಒಳ್ಳೆಯದು. ಒಬ್ಬರು ಒತ್ತುತ್ತಾ ಹೋದಂತೆ ಇನ್ನೊಬ್ಬರು ಹೊರಗಿನಿಂದ ನೋಡಬಹುದು.

ಹಂತ 5: ಲೆಕ್ಕ ಹಾಕಿ

ಎರಡೂ ಕಾರುಗಳ ಬೆಲೆಗೆ, ತಕ್ಷಣ ಮಾಡಿಸಬೇಕಾದ ಕೆಲಸದ ಖರ್ಚನ್ನು ಸೇರಿಸಿ: ಟಯರ್, ಬ್ರೇಕ್, ಬ್ಯಾಟರಿ, ಬಾಕಿ ಉಳಿದ ಸರ್ವಿಸ್. ಕೆಳಗಿನ ವೇರಿಯಂಟ್‌ಗೆ, ನೀವು ಆಮೇಲೆ ಹಾಕಿಸಬೇಕೆಂದಿರುವ ಕ್ಯಾಮೆರಾ, ಸ್ಟೀರಿಯೊ ಖರ್ಚನ್ನೂ ಕೂಡಿಸಿ. ಮೇಲಿನದಕ್ಕೆ, ಮೂರನೇ ಭಾಗದಲ್ಲಿ ಕೆಡಬಹುದು ಎನಿಸುವ ದುಬಾರಿ ವಸ್ತು ಒಂದರ ಬೆಲೆಯನ್ನು ವಿಚಾರಿಸಿ ಬದಿಗೆ ಬರೆದುಕೊಳ್ಳಿ. ಈಗ ಕಾಣುವ ಅಂತರವೇ ನಿಜವಾದ ಅಂತರ.

ಮೊದಲ ಭಾಗದಲ್ಲಿ ಎರಡೂ ಸಮನಾಗಿದ್ದರೆ, ನಾನು ಕೆಳಗಿನ ವೇರಿಯಂಟನ್ನೇ ಆರಿಸುತ್ತೇನೆ. ಏರ್‌ಬ್ಯಾಗ್ ಅಥವಾ ಇಎಸ್‌ಸಿ ಮೇಲಿನದರಲ್ಲಿ ಮಾತ್ರ ಇದ್ದರೆ, ಸನ್‌ರೂಫ್‌ನ ತಲೆನೋವು ಜೊತೆಗೇ ಬಂದರೂ ಮೇಲಿನದನ್ನೇ. ಆದರೆ ಸರ್ವಿಸ್ ದಾಖಲೆ ಇಲ್ಲದ, ಅಪಘಾತವಾಗಿ ರಿಪೇರಿಯಾದ ಗುರುತಿರುವ ಕಾರು ಯಾವ ವೇರಿಯಂಟ್ ಆಗಿದ್ದರೂ ಬೇಡ. ಏರ್‌ಬ್ಯಾಗ್ ಒಮ್ಮೆ ಬಿಚ್ಚಿಕೊಂಡ ಮೇಲೆ ಅದರ ಜಾಗದಲ್ಲಿ ಮತ್ತೆ ಏನು ಕೂತಿದೆ ಎಂದು ಹೊರಗಿನಿಂದ ಕಾಣುವುದಿಲ್ಲ.

ಹಂತ 6: ಕೈಬದಲಾಗುವ ಮುನ್ನ

ಟಾಪ್ ಎಂಡ್ ಆರಿಸಿದ್ದರೆ ಹಣ ಕೊಡುವ ಮೊದಲೇ ಎರಡನೇ ಸ್ಮಾರ್ಟ್ ಕೀ ಕೇಳಿ ಪಡೆಯಿರಿ, ಅದೂ ಬಾಗಿಲು ತೆರೆಯುತ್ತದೆಯೇ, ಎಂಜಿನ್ ಚಾಲೂ ಮಾಡುತ್ತದೆಯೇ ನೋಡಿ. ಹಳೆಯ ಮಾಲೀಕರ ಫೋನ್ ಮತ್ತು ಖಾತೆಯನ್ನು ಸ್ಕ್ರೀನ್‌ನಿಂದ ಅವರ ಎದುರಿಗೇ ಅಳಿಸಿ. ಅಲಾಯ್ ವೀಲ್‌ಗೆ ಲಾಕ್ ನಟ್ ಹಾಕಿದ್ದರೆ ಅದನ್ನು ಬಿಚ್ಚುವ ಸಣ್ಣ ಕೀ ಡಿಕ್ಕಿಯಲ್ಲಿದೆಯೇ ಹುಡುಕಿ. ಅದಿಲ್ಲದೆ ಪಂಕ್ಚರ್ ಆದರೆ ಸ್ಟೆಪ್ನಿ ಇದ್ದೂ ಚಕ್ರ ಬಿಚ್ಚಲಾಗದು.