ಬೆಡ್‌ಸೈಡ್ ಕ್ರಿಬ್ ಕೊಳ್ಳುವ ಮೊದಲು ನಿಮ್ಮ ಮಂಚ ಅಳೆಯಿರಿ

ಮೂರು ಕಡೆ ಎತ್ತರದ ಗೋಡೆ, ಅಮ್ಮನ ಮಂಚಕ್ಕೆ ತಾಗುವ ನಾಲ್ಕನೇ ಕಡೆ ಮಾತ್ರ ಕೆಳಗಿಳಿಸಲು ಬರುತ್ತದೆ. ಬೆಡ್‌ಸೈಡ್ ಕ್ರಿಬ್ ಅಂದರೆ ಇಷ್ಟೇ. ಕೂಸು ತನ್ನದೇ ಹಾಸಿಗೆಯಲ್ಲಿ ಮಲಗಿರುತ್ತದೆ, ಆದರೂ ಕೈಗೆಟುಕುವಷ್ಟು ಹತ್ತಿರ. ಸಿಸೇರಿಯನ್ ಆದ ಬಾಣಂತಿಗೆ ರಾತ್ರಿ ನಾಲ್ಕೈದು ಸಲ ಎದ್ದು, ಬಗ್ಗಿ, ಮಗುವನ್ನು ಎತ್ತಿಕೊಳ್ಳುವುದು ಹೊಲಿಗೆಗೆ ಹಿಂಸೆ. ಮಗ್ಗುಲಾಗಿ ಕೈ ಚಾಚಿದರೆ ಮಗು ಸಿಗುತ್ತದೆ ಅನ್ನುವುದೇ ಇದರ ದೊಡ್ಡ ಉಪಕಾರ.

ಮಕ್ಕಳ ವೈದ್ಯರು ಹೇಳುವುದಕ್ಕೂ ಇದು ಹೊಂದುತ್ತದೆ. ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿಯ 2022ರ ಮಾರ್ಗಸೂಚಿಯ ಪ್ರಕಾರ ಕನಿಷ್ಠ ಮೊದಲ 6 ತಿಂಗಳು ಮಗು ತಂದೆತಾಯಿಯ ಕೋಣೆಯಲ್ಲೇ, ಆದರೆ ಬೇರೆ ಹಾಸಿಗೆಯಲ್ಲಿ, ಗಟ್ಟಿಯಾದ ಸಮತಟ್ಟು ಜಾಗದಲ್ಲಿ, ಅಂಗಾತ ಮಲಗಬೇಕು.

ಅಂಗಡಿಯಲ್ಲಾಗಲಿ ಆನ್‌ಲೈನ್‌ನಲ್ಲಾಗಲಿ ಜನ ಮೊದಲು ನೋಡುವುದು ಬಣ್ಣ, ಚಕ್ರ, ಆಟಿಕೆ ತೂಗುವ ಕೊಂಡಿ. ಆದರೆ ಯಾವ ಕ್ರಿಬ್ ಆಗುತ್ತದೆ, ಯಾವುದು ಆಗುವುದಿಲ್ಲ ಎಂದು ತೀರ್ಮಾನ ಮಾಡುವುದು ನಿಮ್ಮ ಮಂಚ. ಎಷ್ಟೇ ದುಬಾರಿ ಕ್ರಿಬ್ ತಂದರೂ ಮಂಚಕ್ಕೆ ಸರಿಯಾಗಿ ಕೂರದಿದ್ದರೆ ಎರಡರ ನಡುವೆ ಸಂದು ಬೀಳುತ್ತದೆ. ಮಗು ಅದರಲ್ಲಿ ಸಿಕ್ಕಿಕೊಂಡು ಉಸಿರುಗಟ್ಟಬಹುದು. ಇದರಲ್ಲಿ ನಿಜವಾಗಿ ಭಯಪಡಬೇಕಾದದ್ದು ಆ ಸಂದಿಗೇ.

ಯಾರ ಮನೆಯ ಮಂಚ?

ನಮ್ಮಲ್ಲಿ ಬಾಣಂತನ ಸಾಮಾನ್ಯವಾಗಿ ತವರಿನಲ್ಲಿ. ಮೂರು ತಿಂಗಳು, ಕೆಲವೆಡೆ ಐದು ತಿಂಗಳು. ಈ ಕ್ರಿಬ್‌ಗಳ ಆಯಸ್ಸಾದರೂ ಎಷ್ಟು? ಮಗು ಕೈ, ಮಂಡಿ ಊರಿ ಏಳಲು ನೋಡುವವರೆಗೆ, ಹೆಚ್ಚೆಂದರೆ ಐದಾರು ತಿಂಗಳು. ಗಂಡನ ಮನೆಯಲ್ಲಿ ಕೊಂಡು ಜೋಡಿಸಿಟ್ಟರೆ ತಾಯಿ ಮಗು ಬರುವ ಹೊತ್ತಿಗೆ ಬಳಸಲು ಉಳಿಯುವುದು ತಿಂಗಳೋ ಎರಡು ತಿಂಗಳೋ. ಹಾಗಾಗಿ ತವರಿನ ಮಂಚವನ್ನೇ ಅಳೆಯಿರಿ, ಅಲ್ಲಿಗೇ ತರಿಸಿ. ಬಾಣಂತನ ಎರಡು ಮನೆಗೆ ಹಂಚಿಹೋಗುವುದಾದರೆ ಮಡಚಿ ಕಾರಿನ ಡಿಕ್ಕಿಯಲ್ಲಿ ಹಾಕಿಕೊಳ್ಳುವಂಥದ್ದು ಬೇಕು, ಎರಡೂ ಮಂಚಗಳ ಎತ್ತರಕ್ಕೆ ಅದು ಹೊಂದಲೂ ಬೇಕು. ಬೆಂಗಳೂರಿನಂಥ ಊರಲ್ಲಿ ಬಾಡಿಗೆಗೂ ಸಿಗುತ್ತದೆ. ಇಷ್ಟು ಕಡಿಮೆ ದಿನದ ವಸ್ತುವಿಗೆ ಅದು ಕೆಟ್ಟ ಯೋಚನೆಯೇನಲ್ಲ.

ಹುಟ್ಟುವ ಮೊದಲೇ ಮಗುವಿಗೆಂದು ಏನೂ ತರಬಾರದು ಎನ್ನುವ ಮನೆಗಳಿವೆ. ಅಲ್ಲಿ ಅಳತೆ, ಆಯ್ಕೆ ಎರಡನ್ನೂ ಎಂಟನೇ ತಿಂಗಳಲ್ಲೇ ಮುಗಿಸಿಟ್ಟು, ಹೆರಿಗೆಯಾದ ದಿನ ಆರ್ಡರ್ ಹಾಕಿದರೆ ಯಾರ ಮನಸ್ಸೂ ನೋಯುವುದಿಲ್ಲ.

ಮಂಚದ ಅಳತೆ

ಟೇಪ್ ಹಿಡಿದು ಮೊದಲು ಅಳೆಯಬೇಕಾದದ್ದು ನೆಲದಿಂದ ಹಾಸಿಗೆಯ ಮೇಲ್ಮೈವರೆಗಿನ ಎತ್ತರ. ಖಾಲಿ ಹಾಸಿಗೆಯನ್ನು ಅಳೆದರೆ ಲೆಕ್ಕ ತಪ್ಪುತ್ತದೆ. ಒಬ್ಬರು ಅಂಚಿನಲ್ಲಿ ಮಲಗಿ, ಇನ್ನೊಬ್ಬರು ಅಳೆಯಲಿ. ಗಟ್ಟಿ ತೆಂಗಿನ ನಾರಿನ ಹಾಸಿಗೆ ಹೆಚ್ಚು ಕುಸಿಯುವುದಿಲ್ಲ. ಸ್ಪ್ರಿಂಗ್ ಮತ್ತು ಮೆತ್ತನೆ ಫೋಮ್ ಅಂಚಿನಲ್ಲಿ ಚೆನ್ನಾಗಿಯೇ ತಗ್ಗುತ್ತವೆ. ಹತ್ತಿ ಹಾಸಿಗೆಯಂತೂ ಇವತ್ತಿದ್ದ ಎತ್ತರ ಮುಂದಿನ ತಿಂಗಳು ಇರುವುದಿಲ್ಲ. ಅದರ ಪಕ್ಕ ಕಟ್ಟುವುದಾದರೆ ಆಗಾಗ ಅಳೆದು ಕ್ರಿಬ್‌ನ ಎತ್ತರ ಬದಲಿಸಬೇಕಾಗುತ್ತದೆ.

ಎರಡನೆಯದು ಮಂಚದ ಕೆಳಗಿನ ಜಾಗ. ಬಹುತೇಕ ಕ್ರಿಬ್‌ಗಳ ಅಡ್ಡಪಾದಗಳು ಮಂಚದ ಅಡಿಗೆ ತೂರಿದರೆ ಮಾತ್ರ ಗೋಡೆ ಹಾಸಿಗೆಗೆ ತಾಗುತ್ತದೆ. ನಮ್ಮ ಮನೆಗಳಲ್ಲಿ ಈಗ ಹೆಚ್ಚಾಗಿ ಇರುವುದು ಕೆಳಗೆ ಸಾಮಾನು ತುಂಬುವ ಬಾಕ್ಸ್ ಮಂಚ. ಅದರ ಪ್ಲೈವುಡ್ ನೆಲಕ್ಕೆ ತಾಗಿರುತ್ತದೆ, ಪಾದ ಒಳಗೆ ಹೋಗುವುದಿಲ್ಲ, ಕ್ರಿಬ್ ಅಷ್ಟು ದೂರಕ್ಕೇ ನಿಂತುಬಿಡುತ್ತದೆ. ಪಾದವನ್ನು ಒಳಕ್ಕೆ ಮಡಚಲು ಬರುವ ಮಾದರಿಯೇ ಬೇಕೆಂದು ಕೇಳಿ. ಮಡಚಿದಾಗಲೂ ಅದು ಅಲುಗದೆ ನಿಲ್ಲುತ್ತದೆಯೇ, ಕೈಪಿಡಿಯಲ್ಲಿ ಹಾಗೆ ಬಳಸಲು ಒಪ್ಪಿಗೆ ಇದೆಯೇ ನೋಡಿ.

ಮೂರನೆಯದು ಮಂಚದ ಪಕ್ಕದ ಪಟ್ಟಿ. ಹಳೆಯ ತೇಗದ ಮಂಚಗಳಲ್ಲಿ ಮರದ ಪಟ್ಟಿ ಹಾಸಿಗೆಯ ಅಂಚಿಗಿಂತ ಹೊರಗೆ ಚಾಚಿರುತ್ತದೆ, ಕೆಲವದರಲ್ಲಿ ಹಾಸಿಗೆಗಿಂತ ಮೇಲೆಯೂ ಇರುತ್ತದೆ. ಕ್ರಿಬ್ ಪಟ್ಟಿಗೆ ತಾಗುತ್ತದೆ, ಹಾಸಿಗೆಗೆ ತಾಗುವುದಿಲ್ಲ. ನಡುವೆ ಎರಡು ಮೂರು ಇಂಚಿನ ಕಾಲುವೆ ಉಳಿಯುತ್ತದೆ. ಇಂಥ ಮಂಚಕ್ಕೆ ಕ್ರಿಬ್ ಕಟ್ಟುವ ಆಸೆ ಬಿಡಿ. ನಾಲ್ಕೂ ಗೋಡೆ ಏರಿಸಿ ಪಕ್ಕದಲ್ಲಿ ನಿಲ್ಲಿಸಿಕೊಂಡರೆ ಸಾಕು.

ಕೊನೆಗೆ ನೆಲದ ಜಾಗ. 10 ಅಡಿ ಕೋಣೆ ಅಂದರೆ 305 ಸೆಂ.ಮೀ. 5 ಅಡಿ ಮಂಚ 152, ಕ್ರಿಬ್ ಸುಮಾರು 60 ಹೋದರೆ ಉಳಿಯುವುದು 93 ಸೆಂ.ಮೀ. ಬೀರುವಿನ ಬಾಗಿಲು ತೆರೆಯಲೂ ಇದೇ ಜಾಗ. ಕ್ರಿಬ್ ಇಟ್ಟ ಕಡೆಯಿಂದ ಬಾಣಂತಿ ಇಳಿಯಬೇಕಲ್ಲ, ಅದನ್ನೂ ಯೋಚಿಸಿ. ಆರೂವರೆ ಅಡಿ ಮಂಚದ ತಲೆಕಡೆಗೆ 90 ಸೆಂ.ಮೀ. ಉದ್ದದ ಕ್ರಿಬ್ ಇಟ್ಟರೆ ಕಾಲಿನ ಕಡೆ ಒಂದು ಮೀಟರ್‌ನಷ್ಟು ಜಾಗ ಇಳಿಯಲು ಸಿಗುತ್ತದೆ.

ನೆಲದ ಮೇಲೆ ಹಾಸಿಗೆ ಹಾಸಿ ಮಲಗುವ ಮನೆಗೆ ಈ ಕ್ರಿಬ್ ಬೇಕಿಲ್ಲ. ತಾಯಿಯ ಹಾಸಿಗೆಯಿಂದ ಒಂದಿಷ್ಟು ದೂರಕ್ಕೆ ಮಗುವಿಗೆ ಬೇರೆಯದೇ ಗಟ್ಟಿಯಾದ ತೆಳು ಹಾಸಿಗೆ ಹಾಸಿದರೆ ಆಯಿತು.

ಕ್ರಿಬ್‌ನಲ್ಲಿ ಏನು ನೋಡಬೇಕು

ಕೆಳಗಿಳಿಸುವ ಬದಿ ಪೂರ್ತಿ ಇಳಿದು ಎರಡೂ ಹಾಸಿಗೆ ಒಂದೇ ಮಟ್ಟಕ್ಕೆ ಬರುವ ಮಾದರಿಗಳು ನೋಡಲು ಚೆಂದ. ಆದರೆ ರಾತ್ರಿ ನಿಮ್ಮ ರಗ್ಗು, ಕೌದಿ, ದಿಂಬು ಎಲ್ಲ ಆ ಕಡೆಗೆ ಜಾರುತ್ತವೆ, ಮಗುವೂ ಈ ಕಡೆಗೆ ಉರುಳಬಹುದು. ಯುರೋಪಿನ ಇಎನ್ 1130 ಮಾನಕದ 2019ರ ಆವೃತ್ತಿ ಬದಿಯನ್ನು ಇಳಿಸಿದಾಗಲೂ ಮಗುವಿನ ಹಾಸಿಗೆಗಿಂತ ಕನಿಷ್ಠ 12 ಸೆಂ.ಮೀ. ಎತ್ತರದ ತಡೆ ಇರಬೇಕು ಎನ್ನುತ್ತದೆ. ಮಾನಕದ ಆ ಸಂಖ್ಯೆ ಡಬ್ಬಿಯ ಮೇಲಿದೆಯೇ ನೋಡಿ. ಇಲ್ಲದಿದ್ದರೆ ನೀವೇ ಸ್ಕೇಲ್ ಇಟ್ಟು ತಡೆಯ ಎತ್ತರ ಅಳೆಯಿರಿ.

ಹಾಸಿಗೆ ಕ್ರಿಬ್ ಜೊತೆ ಬಂದದ್ದೇ ಇರಲಿ. ಅದು ತೆಳ್ಳಗಿರುತ್ತದೆ, ಗಟ್ಟಿಯಾಗಿರುತ್ತದೆ, ಇದನ್ನು ಕಂಡ ಅಜ್ಜಿಯರಿಗೆ ಪಾಪ ಅನ್ನಿಸುತ್ತದೆ. ಮೇಲೊಂದು ಹತ್ತಿ ಮೆತ್ತೆ ಹಾಸೋಣ ಎನ್ನುವ ಮಾತು ಬಂದೇ ಬರುತ್ತದೆ. ಹಾಸಬೇಡಿ. ಎಳೆಗೂಸಿಗೆ ಕತ್ತು ನಿಂತಿರುವುದಿಲ್ಲ, ಮೆತ್ತಗಿನ ಜಾಗದಲ್ಲಿ ಮೂಗು ಹೂತರೆ ತಿರುಗಿಸಿಕೊಳ್ಳಲು ಅದಕ್ಕೆ ಬರುವುದಿಲ್ಲ. ಜೊತೆಗೆ ಎರಡು ಇಂಚು ಮೆತ್ತೆ ಹಾಸಿದರೆ 12 ಸೆಂ.ಮೀ. ತಡೆಯಲ್ಲಿ 5 ಸೆಂ.ಮೀ. ಹೋಯಿತು. ಅಂಗೈಯಿಂದ ಒತ್ತಿ ಬಿಟ್ಟಾಗ ಹಾಸಿಗೆ ತಕ್ಷಣ ಮೇಲೆ ಬರಬೇಕು, ಗುಳಿ ಉಳಿಯಬಾರದು. ಹಾಸಿಗೆಗೂ ಕ್ರಿಬ್‌ನ ಗೋಡೆಗೂ ನಡುವೆ ಎರಡು ಬೆರಳಿಗಿಂತ ಹೆಚ್ಚು ಜಾಗ ಇರಕೂಡದು.

ಗೋಡೆಗಳಲ್ಲಿ ಕನಿಷ್ಠ ಎರಡು ಕಡೆ ಗಾಳಿಯಾಡುವ ಬಲೆಬಟ್ಟೆ ಇರಲಿ. ಕಲಬುರಗಿ, ರಾಯಚೂರಿನ ಏಪ್ರಿಲ್‌ನಲ್ಲಿ ನಾಲ್ಕೂ ಕಡೆ ದಪ್ಪ ಬಟ್ಟೆಯ ಕ್ರಿಬ್ ಒಲೆಯಾಗುತ್ತದೆ. ಚಕ್ರ ಇದ್ದರೆ ಬ್ರೇಕ್ ಇರಬೇಕು. ತೂಗುವ ಸೌಲಭ್ಯ ಇದ್ದರೆ ಮಂಚಕ್ಕೆ ಕಟ್ಟಿದಾಗ ಅದು ಲಾಕ್ ಆಗಬೇಕು.

ಒಂದು ಕಡೆಯ ಕಾಲು ಎತ್ತರಿಸಿ ಮಗುವನ್ನು ಓರೆಯಾಗಿ ಮಲಗಿಸುವ ಸೌಲಭ್ಯವನ್ನು ಹಾಲು ಕಕ್ಕುವ ಮಕ್ಕಳಿಗೆ ಒಳ್ಳೆಯದೆಂದು ಮಾರುತ್ತಾರೆ. ತಲೆ ಎತ್ತರಿಸುವುದರಿಂದ ಕಕ್ಕುವುದು ಕಡಿಮೆಯಾಗುವುದಿಲ್ಲ. ಮಗು ಕೆಳಕ್ಕೆ ಜಾರಿ, ಗದ್ದ ಎದೆಗೆ ಒತ್ತಿ, ಉಸಿರಿನ ದಾರಿ ಕಟ್ಟುವ ಅಪಾಯ ಮಾತ್ರ ಇದೆ. 10 ಡಿಗ್ರಿಗಿಂತ ಹೆಚ್ಚು ಓರೆಯಾದ ಮಲಗುವ ಸಾಧನಗಳನ್ನೂ, ಕ್ರಿಬ್‌ನ ಒಳಗೋಡೆಗೆ ಕಟ್ಟುವ ಮೆತ್ತನೆ ಬಂಪರ್‌ಗಳನ್ನೂ ಅಮೆರಿಕ 2022ರ ಕಾಯ್ದೆಯಿಂದ ನಿಷೇಧಿಸಿದೆ. ನಮ್ಮ ಅಂಗಡಿಗಳ ಬೆಡ್ಡಿಂಗ್ ಸೆಟ್‌ಗಳಲ್ಲಿ ಬಂಪರ್, ಎರಡು ಬದಿ ದಿಂಬು, ಒಂದು ತಲೆದಿಂಬು ಈಗಲೂ ಇರುತ್ತವೆ. ಆ ಸೆಟ್ ಉಡುಗೊರೆಯಾಗಿ ಬಂದರೆ ನಾಮಕರಣದ ಫೋಟೊಗೆ ಬಳಸಿ, ಮಲಗಿಸುವಾಗ ತೆಗೆದಿಡಿ.

ಕಟ್ಟುವ ಕ್ರಮ

1. ಕ್ರಿಬ್ ಅನ್ನು ಕೈಪಿಡಿ ನೋಡಿ ಜೋಡಿಸಿ, ಪ್ರತಿ ಕಾಲೂ ಕಟ್ ಎಂದು ಸದ್ದು ಮಾಡಿ ಕೂತಿದೆಯೇ ಎಳೆದು ನೋಡಿ. ಎರಡೂ ಕಡೆಯ ಎತ್ತರದ ಅಂಕೆ ಒಂದೇ ಇರಬೇಕು.

2. ತಡೆಯ ಮೇಲಂಚು ನಿಮ್ಮ ಹಾಸಿಗೆಗೆ ಸಮನಾಗಿ ಬರುವ ಎತ್ತರ ಆರಿಸಿ. ಒತ್ತಿದ ಹಾಸಿಗೆ 54 ಸೆಂ.ಮೀ. ಇದ್ದು, ತಡೆ 52ಕ್ಕೆ ಅಥವಾ 56ಕ್ಕೆ ಮಾತ್ರ ನಿಲ್ಲುವುದಾದರೆ 56 ಇರಲಿ. ಕೆಳಗಿದ್ದರೆ ನಿಮ್ಮ ಹಾಸಿಗೆಯ ಅಂಚು ತಡೆಯ ಮೇಲೆ ಇಳಿಬೀಳುತ್ತದೆ. ಕೈಪಿಡಿ ಬೇರೆ ಹೇಳಿದ್ದರೆ ಅದನ್ನೇ ಪಾಲಿಸಿ.

3. ದೊಡ್ಡ ಹಾಸಿಗೆ ಎತ್ತಿ, ಕ್ರಿಬ್ ಅನ್ನು ಮಂಚಕ್ಕೆ ಬಿಗಿಯಲು ಅದರ ಜೊತೆ ಬರುವ ಎರಡೂ ಬಟ್ಟೆ ಪಟ್ಟಿಗಳನ್ನು ಹಾಸಿಗೆಗೂ ಹಲಗೆಗೂ ನಡುವೆ ಹಾಯಿಸಿ, ಆಚೆ ಬದಿಯಲ್ಲಿ ಮಂಚದ ಚೌಕಟ್ಟಿಗೆ ಕೈಪಿಡಿಯಲ್ಲಿ ತೋರಿಸಿದಂತೆ ಸುತ್ತಿ ಬಕಲ್ ಹಾಕಿ. 6 ಅಡಿ ಅಗಲದ ಮಂಚಕ್ಕೆ ಪಟ್ಟಿ ಸಾಲದೆ ಬರಬಹುದು, ಕೊಳ್ಳುವಾಗಲೇ ಉದ್ದ ಕೇಳಿ. ಹಗ್ಗ, ದುಪಟ್ಟಾ ಗಂಟು ಹಾಕಿ ಉದ್ದ ಮಾಡಬೇಡಿ. ಗಂಟು ಸಡಿಲವಾಗುತ್ತದೆ, ಯಾರ ಕಣ್ಣಿಗೂ ಬೀಳುವುದಿಲ್ಲ.

4. ಪಟ್ಟಿ ಬಿಗಿ ಮಾಡಿ. ಉಳಿದ ತುದಿಯನ್ನು ಸುತ್ತಿ ಮಂಚದ ಕೆಳಗೆ ಸಿಕ್ಕಿಸಿ, ಮಗುವಿನ ಕಡೆ ಜೋತಾಡದಿರಲಿ.

5. ತಾಯಿ ಅಂಚಿಗೆ ಬಂದು, ಹಾಲೂಡಿಸುವಾಗ ಹೇಗೆ ಮಲಗುತ್ತಾರೋ ಹಾಗೇ ಮಲಗಲಿ. ಇನ್ನೊಬ್ಬರು ಟಾರ್ಚ್ ಹಿಡಿದು ಸಂದು ನೋಡಲಿ. ಖಾಲಿ ಇದ್ದಾಗ ಕಾಣದ ಸಂದು, ಮೈಭಾರಕ್ಕೆ ಹಾಸಿಗೆ ತಗ್ಗಿದಾಗ ಬಾಯಿ ಬಿಡುತ್ತದೆ. ಕ್ರಿಬ್ ಅನ್ನು ಮೊಣಕಾಲಿನಿಂದ ಹೊರಕ್ಕೆ ದೂಡಿ. ಸಂದಿಯಲ್ಲಿ ಕಿರುಬೆರಳು ಹೋದರೂ ಬಿಚ್ಚಿ ಮತ್ತೆ ಕಟ್ಟಿ.

ಉಳಿದ ಸಂದಿಗೆ ಟವೆಲ್ ಸುರುಳಿಯನ್ನೋ ದಿಂಬನ್ನೋ ತುರುಕುವುದು ಸಂದಿಗಿಂತ ಅಪಾಯ. ಅದು ರಾತ್ರಿ ಕುಸಿದು ಮಗುವಿನ ಮುಖದ ಹತ್ತಿರ ಬರುತ್ತದೆ.

ಬಿಗಿಯಾಗಿ ಕಟ್ಟಿದ್ದು ಸಡಿಲವಾಗುವುದು ಹೆಚ್ಚಾಗಿ ಬೆಡ್‌ಶೀಟ್ ಬದಲಿಸುವ ದಿನ. ಹಾಸಿಗೆ ಎತ್ತಿದಾಗ ಪಟ್ಟಿ ಜಾರುತ್ತದೆ. ಅವತ್ತು ತಪ್ಪದೆ ಮತ್ತೆ ಪರೀಕ್ಷಿಸಿ, ಉಳಿದ ದಿನಗಳಲ್ಲಿ ಮಲಗುವ ಮೊದಲು ಒಮ್ಮೆ ಕೈಯಿಂದ ಎಳೆದು ನೋಡಿ. ತಾಯಿ ಸ್ನಾನಕ್ಕೋ ಊಟಕ್ಕೋ ಎದ್ದು ಹೋದರೆ ಬದಿ ಪೂರ್ತಿ ಏರಿಸಿ.

ಒಳಗೆ, ಸುತ್ತಮುತ್ತ

ಒಳಗೆ ಬಿಗಿಯಾಗಿ ಕೂರುವ ಒಂದು ಶೀಟ್, ಅಂಗಾತ ಮಲಗಿದ ಮಗು. ಇಷ್ಟೇ. ಹಳೆ ಪಂಚೆಯೋ ಸೀರೆಯ ತುಂಡೋ ಹಾಸುವುದಾದರೆ ನಾಲ್ಕೂ ಕಡೆ ಒಂದು ಗೇಣು ಒಳಕ್ಕೆ ಸಿಕ್ಕಿಸುವಷ್ಟು ಇರಲಿ. ಒದ್ದೆ ಕೆಳಗಿಳಿಯದಂತೆ ತಡೆಯುವ ಡ್ರೈ ಶೀಟ್ ಈ ಶೀಟಿನ ಕೆಳಗೆ ಹೋಗಬೇಕು, ಮೇಲೆ ಬಿಡಿಯಾಗಿ ಅಲ್ಲ. ಮಲೆನಾಡು, ಕರಾವಳಿಯ ಮಳೆಗಾಲದಲ್ಲಿ ಒಗೆದದ್ದು ಒಣಗುವುದಿಲ್ಲ, ಆರು ಶೀಟ್ ಇಟ್ಟುಕೊಳ್ಳಿ. ಬೇರೆ ಕಡೆ ನಾಲ್ಕು ಸಾಕು.

ತಲೆ ಗುಂಡಾಗಲೆಂದು ಇಡುವ ಸಾಸಿವೆ ದಿಂಬು, ರಾಗಿ ದಿಂಬು ಬೇಡ. ಎಚ್ಚರವಿದ್ದಾಗ, ನೀವು ಎದುರಿಗಿದ್ದಾಗ ಬೋರಲು ಆಡಿಸಿದರೆ ತಲೆಯ ಹಿಂಭಾಗ ಚಪ್ಪಟೆಯಾಗುವುದು ಕಡಿಮೆಯಾಗುತ್ತದೆ. ಮನೆಯೊಳಗೆ ನಿದ್ದೆಗೆ ಕುಲಾವಿ ಬೇಡ. ಮಗು ಬಿಸಿಯನ್ನು ತಲೆಯಿಂದಲೂ ಹೊರಹಾಕುತ್ತದೆ. ಕತ್ತಿಗೆ ಕಟ್ಟಿದ ಕಪ್ಪು ದಾರ, ತಾಯಿತವನ್ನು ಮಲಗಿಸುವಾಗ ತೆಗೆಯಿರಿ. ದೃಷ್ಟಿಗೆಂದು ಕಬ್ಬಿಣದ ತುಂಡೋ ಅಡಕತ್ತರಿಯೋ ಹಾಸಿಗೆಯಡಿ ಇಡುವ ಪದ್ಧತಿ ಇದ್ದರೆ ದೊಡ್ಡವರ ಜೊತೆ ಜಗಳ ಬೇಡ, ದೊಡ್ಡ ಮಂಚದ ಕೆಳಗೆ ಇಡಲು ಹೇಳಿ. ಲೋಬಾನದ ಕೆಂಡ ಆ ಕೋಣೆಗೇ ಬರದಿರಲಿ.

ಸೊಳ್ಳೆ ಪರದೆ ಬೇಕೇ ಬೇಕು, ಡೆಂಗಿ ದಿನಗಳಲ್ಲಂತೂ ಬಿಡುವ ಮಾತೇ ಇಲ್ಲ. ಮಂಚ, ಕ್ರಿಬ್ ಎರಡನ್ನೂ ಒಟ್ಟಿಗೆ ಮುಚ್ಚುವ ದೊಡ್ಡ ಪರದೆ ಕಟ್ಟಿ, ಅಂಚನ್ನು ಕ್ರಿಬ್‌ನ ಹೊರಗೆ ನೆಲದವರೆಗೆ ಇಳಿಬಿಡಿ. ಕ್ರಿಬ್‌ನೊಳಗೆ ಇಳಿದ ಪರದೆ ಮಗುವಿನ ಮುಖಕ್ಕೆ, ಕೈಗೆ ಸುತ್ತಿಕೊಳ್ಳುತ್ತದೆ. ಮೊಬೈಲ್ ಚಾರ್ಜರ್ ವೈರ್, ಕಿಟಕಿ ಪರದೆಯ ಹಗ್ಗ ಕ್ರಿಬ್‌ನಿಂದ ಕೈಗೆಟುಕಬಾರದು.

ಬಡಗಿ ಮಾಡಿದ್ದು, ಹಳೆಯದು

ಬಡಗಿಗೆ ಹೇಳಿ ಮಾಡಿಸುವುದಾದರೆ ನಿಮ್ಮ ಮಂಚಕ್ಕೇ ಸರಿಹೊಂದಿಸಬಹುದು, ಅದೊಂದು ಅನುಕೂಲ. ಕಂಬಿಗಳ ನಡುವೆ ನಾಲ್ಕೂವರೆಯಿಂದ 6 ಸೆಂ.ಮೀ. ಅಂತರ. ಅದಕ್ಕಿಂತ ಹೆಚ್ಚಾದರೆ ಮೈ ತೂರಿ ತಲೆ ಸಿಕ್ಕಿಕೊಳ್ಳುತ್ತದೆ. ಮೂಲೆ ಕಂಬದ ಮೇಲೆ ಕಳಶ, ಗುಂಡು ಏನೂ ಬೇಡ, ಬಟ್ಟೆ ಸಿಕ್ಕಿಕೊಳ್ಳುತ್ತದೆ. ಮಂಚಕ್ಕೆ ಬೋಲ್ಟ್ ಹಾಕಿ ಬಿಗಿಯಿರಿ, ಮೊಳೆ ಸಾಲದು.

ಮನೆತನದ ಹಳೆಯ ತೊಟ್ಟಿಲು ಇದ್ದರೆ ಅದು ಶಾಸ್ತ್ರಕ್ಕೆ ಇರಲಿ. ಕಲಘಟಗಿಯ ಬಣ್ಣದ ತೊಟ್ಟಿಲಿನಂಥದ್ದು ಮನೆಯಲ್ಲಿದ್ದರೆ ಹೆಸರಿಡುವ ದಿನ ಮಗುವನ್ನು ಅದರಲ್ಲೇ ಹಾಕಿ. ಆದರೆ ಎಂದೋ ಎಣ್ಣೆಬಣ್ಣ ಬಳಿಸಿದ ತೊಟ್ಟಿಲಿನ ಬಣ್ಣ ಏಳುತ್ತಿದ್ದರೆ ಮಗುವಿನ ಬಾಯಿಗೆ ಸಿಗದಂತೆ ಇಡಿ. ಮನೆಬಳಕೆಯ ಬಣ್ಣದಲ್ಲಿ ಸೀಸ 90 ಪಿಪಿಎಂ (ಹತ್ತು ಲಕ್ಷ ಭಾಗದಲ್ಲಿ 90 ಭಾಗ) ಮೀರಬಾರದೆಂಬ ನಿಯಮ ಭಾರತದಲ್ಲಿ ಜಾರಿಗೆ ಬಂದದ್ದು 2017ರ ನವೆಂಬರ್‌ನಲ್ಲಿ, ಅದಕ್ಕೂ ಹಿಂದಿನ ಬಣ್ಣದಲ್ಲಿ ಸೀಸ ಹೆಚ್ಚಿರಬಹುದು. ಸೀರೆಯ ಜೋಲಿಯಲ್ಲಿ ಮೈ ಬಾಗುತ್ತದೆ, ಗದ್ದ ಎದೆಗೆ ತಾಗುತ್ತದೆ. ತೂಗುತ್ತ ಪಕ್ಕದಲ್ಲೇ ಕೂತಿರುವಷ್ಟು ಹೊತ್ತಿಗೆ ಮಾತ್ರ ಅದು, ರಾತ್ರಿಯ ನಿದ್ದೆಗಲ್ಲ.

ಸೆಕೆಂಡ್ ಹ್ಯಾಂಡ್ ಕ್ರಿಬ್‌ನಲ್ಲಿ ಮೊದಲು ಕೇಳಬೇಕಾದದ್ದು ಎರಡು ಪಟ್ಟಿಗಳು ಮತ್ತು ಮೂಲ ಹಾಸಿಗೆ. ಮೂರರಲ್ಲಿ ಒಂದಿಲ್ಲದಿದ್ದರೂ ಅದನ್ನು ಮಂಚಕ್ಕೆ ಕಟ್ಟಲಾಗದು. ಜಿಪ್ ಪೂರ್ತಿ ಕೂರುತ್ತದೆಯೇ, ಬಲೆ ಹರಿದಿದೆಯೇ ನೋಡಿ.

ಯಾವಾಗ ಬಿಡಬೇಕು

ಮಗು ಮಗುಚಲು ಪ್ರಯತ್ನಿಸತೊಡಗಿದಾಗಲೇ ಬಟ್ಟೆ ಸುತ್ತಿ ಮಲಗಿಸುವುದನ್ನು ನಿಲ್ಲಿಸಿ. ಕೈ, ಮಂಡಿ ಊರಿ ಮೈ ಎತ್ತಿದ ದಿನ, ಅಥವಾ ಕೈಪಿಡಿಯಲ್ಲಿ ಹೇಳಿದ ತೂಕ ಮುಟ್ಟಿದ ದಿನ, ಯಾವುದು ಮೊದಲೋ ಅಂದೇ ಬೆಡ್‌ಸೈಡ್ ಕ್ರಿಬ್ ಮುಗಿಯಿತು. ಅನೇಕ ಮಾದರಿಗಳಿಗೆ ಈ ಮಿತಿ 9 ಕೆ.ಜಿ. ಮುಂದೆ ಬೇಕಾಗುವುದು ಎತ್ತರದ ಗೋಡೆಯ ದೊಡ್ಡ ಕ್ರಿಬ್. ಮಡಚಿಡುವಾಗ ಪಟ್ಟಿ, ಬಕಲ್, ಕೈಪಿಡಿ ಎಲ್ಲವನ್ನೂ ಒಂದು ಚೀಲಕ್ಕೆ ಹಾಕಿ ಕ್ರಿಬ್‌ನ ಕಾಲಿಗೇ ಕಟ್ಟಿಡಿ. ತಂಗಿಗೋ ನಾದಿನಿಗೋ ಕೊಡುವಾಗ ಅವು ಇಲ್ಲದ ಕ್ರಿಬ್ ಪ್ರಯೋಜನಕ್ಕೆ ಬಾರದು.